ಇಂಗ್ಲಿಷ್ ಬೋಧನೆಗೆ ವಿದೇಶಯಾನ: ಅರ್ಹತೆಗಿಂತ ಪಾಸ್‌ಪೋರ್ಟ್ ದೊಡ್ಡದೇ?

ಪದವಿ ಮುಗಿಸಿ ಒಂದು ವರ್ಷ ಪರದೇಶದ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವುದು, ನಾಲ್ಕು ಕಾಸು ಉಳಿಸಿ ಲೋಕಾನುಭವದೊಂದಿಗೆ ಮರಳುವುದು ಅಮೆರಿಕ, ಬ್ರಿಟನ್‌ಗಳ ಯುವಜನರಿಗೆ ಹೊಸ ಸಂಗತಿಯಲ್ಲ. ಜಪಾನ್ 1987ರಲ್ಲಿ ‘ಜೆಟ್’ ಯೋಜನೆಯನ್ನೂ ದಕ್ಷಿಣ ಕೊರಿಯಾ 1995ರಲ್ಲಿ ‘ಎಪಿಕ್’ ಯೋಜನೆಯನ್ನೂ ಆರಂಭಿಸಿ ಇದಕ್ಕೆ ಸರ್ಕಾರಿ ಮುದ್ರೆ ಒತ್ತಿದವು. ಇಂಗ್ಲಿಷ್‌ನಲ್ಲೇ ಓದಿ ಬೆಳೆದ ಬೆಂಗಳೂರು, ಮೈಸೂರು, ಮಂಗಳೂರಿನ ಪದವೀಧರರು ಇದೇ ಕನಸು ಕಂಡರೆ ಅಚ್ಚರಿಯಿಲ್ಲ. ಆದರೆ ಸಿದ್ಧತೆಗೆ ತೊಡಗಿದೊಡನೆ ಅವರಿಗೆ ಎದುರಾಗುವ ಮೊದಲ ಪ್ರಶ್ನೆ ‘ಎಷ್ಟು ಚೆನ್ನಾಗಿ ಕಲಿಸಬಲ್ಲಿರಿ’ ಎಂಬುದಲ್ಲ. ‘ನೀವು ಯಾವ ದೇಶದ ಪ್ರಜೆ’ ಎಂಬುದು.

ಕೊರಿಯಾದ ಉದಾಹರಣೆಯನ್ನೇ ನೋಡಬಹುದು. ಅಲ್ಲಿ ವಿದೇಶಿ ಭಾಷಾ ಬೋಧಕರಿಗೆ ನೀಡುವ ‘ಇ-2’ ವೀಸಾ ಇಂಗ್ಲಿಷ್‌ಗೆ ಸಂಬಂಧಿಸಿದಂತೆ ಮೂಲತಃ ಏಳು ದೇಶಗಳ ಪ್ರಜೆಗಳಿಗೆ ಮೀಸಲು: ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್ ಮತ್ತು ದಕ್ಷಿಣ ಆಫ್ರಿಕಾ. ಭಾರತೀಯರಿಗೆ ಬಾಗಿಲು ತೆರೆದದ್ದು ಶಿಕ್ಷಣ ನೀತಿಯಿಂದಲ್ಲ, ವ್ಯಾಪಾರ ಒಪ್ಪಂದದಿಂದ. 2009ರ ಆಗಸ್ಟ್‌ನಲ್ಲಿ ಸಹಿಯಾಗಿ 2010ರ ಜನವರಿ 1ರಂದು ಜಾರಿಗೆ ಬಂದ ಭಾರತ-ಕೊರಿಯಾ ಸಮಗ್ರ ಆರ್ಥಿಕ ಸಹಭಾಗಿತ್ವ ಒಪ್ಪಂದವು ಭಾರತದ ಅರ್ಹ ಶಿಕ್ಷಕರು ಅಲ್ಲಿನ ಪ್ರಾಥಮಿಕ ಮತ್ತು ಪ್ರೌಢಶಾಲೆಗಳಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕರಾಗಲು ಅವಕಾಶ ಕಲ್ಪಿಸಿತು.

ಬಾಗಿಲು ತೆರೆಯಿತು, ಹೊಸ್ತಿಲು ಮಾತ್ರ ಎತ್ತರವಾಗಿಯೇ ಉಳಿಯಿತು. ಏಳು ದೇಶಗಳ ಅಭ್ಯರ್ಥಿಗೆ ಯಾವುದೇ ವಿಷಯದ ಪದವಿ ಹಾಗೂ ನೂರು ಗಂಟೆಗಳ ಬೋಧನಾ ತರಬೇತಿಯ ಪ್ರಮಾಣಪತ್ರ ಇದ್ದರೆ ಎಪಿಕ್‌ಗೆ ಅರ್ಜಿ ಹಾಕಲು ಸಾಕು. ಭಾರತೀಯನಿಗಾದರೋ ಪದವಿಯ ಜೊತೆಗೆ ಇಂಗ್ಲಿಷ್ ಬೋಧನೆಗೆ ಸಂಬಂಧಿಸಿದ ಶಿಕ್ಷಕ ಅರ್ಹತೆ ಕಡ್ಡಾಯ. 2015ರಿಂದ ಬಿ.ಇಡಿ. ವ್ಯಾಸಂಗ ಎರಡು ವರ್ಷಕ್ಕೆ ಏರಿದ್ದನ್ನು ನೆನೆದರೆ, ಒಂದು ವರ್ಷದ ನೌಕರಿಗೆ ಎರಡು ವರ್ಷದ ಪೂರ್ವಸಿದ್ಧತೆ ಎಂಬ ವಿಪರ್ಯಾಸ ಸ್ಪಷ್ಟವಾಗುತ್ತದೆ.

ಈ ತಾರತಮ್ಯಕ್ಕೆ ವಿದ್ವತ್ ವಲಯದ ಸಮರ್ಥನೆ ದುರ್ಬಲ. ಕಾಶ್ಮೀರ ಮೂಲದ ಭಾಷಾವಿಜ್ಞಾನಿ ಬ್ರಜ್ ಕಚ್ರು 1985ರಲ್ಲೇ ಇಂಗ್ಲಿಷ್ ಬಳಸುವ ಜಗತ್ತನ್ನು ಮೂರು ವೃತ್ತಗಳಾಗಿ ವಿಂಗಡಿಸಿ, ಭಾರತದಂಥ ದೇಶಗಳ ಇಂಗ್ಲಿಷ್‌ಗೂ ತನ್ನದೇ ಆದ ಸ್ವತಂತ್ರ ಅಸ್ತಿತ್ವವಿದೆ ಎಂದು ಪ್ರತಿಪಾದಿಸಿದ್ದರು. ಇಂಗ್ಲಿಷ್ ಬೋಧಕರ ಅಂತರರಾಷ್ಟ್ರೀಯ ಸಂಘಟನೆಯಾದ ಟೆಸೋಲ್ ಕೂಡ ಮಾತೃಭಾಷೆಯ ಆಧಾರದಲ್ಲಿ ಶಿಕ್ಷಕರ ನೇಮಕದಲ್ಲಿ ಭೇದ ಎಣಿಸುವುದನ್ನು 2006ರಲ್ಲಿ ಖಂಡಿಸಿತು. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿತವನಿಗೆ ಕಲಿಯುವವನ ತೊಡಕು ಸ್ವಾನುಭವದಿಂದ ಗೊತ್ತಿರುತ್ತದೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಆರಂಭವಾಗಿದೆ. ಮನೆಯಲ್ಲಿ ಇಂಗ್ಲಿಷ್‌ನ ಗಂಧವಿಲ್ಲದ ಮಕ್ಕಳಿಗೆ ಕನ್ನಡದ ಆಸರೆಯಿಂದ ಅದನ್ನು ಕಲಿಸಿದ ಶಿಕ್ಷಕಿಯ ಕೌಶಲ ಯಾವ ಉಚ್ಚಾರಣೆಗೂ ಕಡಿಮೆಯದಲ್ಲ. ಕೊರಿಯಾದ ತರಗತಿಯಲ್ಲಿ ಸ್ಥಳೀಯ ಶಿಕ್ಷಕರೊಂದಿಗೆ ಜೊತೆಯಾಗಿ ಪಾಠ ಮಾಡುವವರಿಗೆ ಬೇಕಾದದ್ದೂ ಇದೇ ಕೌಶಲ.

ಹೀಗಿದ್ದೂ ನಿಯಮ ಬದಲಾಗುವವರೆಗೆ ನಿಯಮದಂತೆಯೇ ನಡೆಯಬೇಕು. ಕಾಗದಪತ್ರಗಳ ಕೆಲಸವೇ ತಿಂಗಳುಗಳನ್ನು ನುಂಗುತ್ತದೆ. ಪದವಿ ಪ್ರಮಾಣಪತ್ರವನ್ನು ಮೊದಲು ರಾಜ್ಯ ಮಟ್ಟದಲ್ಲಿ ದೃಢೀಕರಿಸಿ, ಅನಂತರ ವಿದೇಶಾಂಗ ಸಚಿವಾಲಯದ ‘ಅಪೋಸ್ಟಿಲ್’ ಮುದ್ರೆ ಪಡೆಯಬೇಕು. ಈ ಮುದ್ರೆಯ ಕುರಿತ ಹೇಗ್ ಒಡಂಬಡಿಕೆ ಭಾರತಕ್ಕೆ 2005ರಲ್ಲೂ ಕೊರಿಯಾಕ್ಕೆ 2007ರಲ್ಲೂ ಅನ್ವಯವಾಗಿರುವುದರಿಂದ ರಾಯಭಾರ ಕಚೇರಿಯ ಪ್ರತ್ಯೇಕ ದೃಢೀಕರಣದ ಅಲೆದಾಟ ತಪ್ಪಿದೆ. ಪೊಲೀಸ್ ನಿರಾಕ್ಷೇಪಣಾ ಪತ್ರಕ್ಕೂ ಇದೇ ಮುದ್ರೆ ಬೇಕು. ಆ ದೇಶ ತಲುಪಿದ ಮೇಲೆ ಮಾದಕವಸ್ತು ಪರೀಕ್ಷೆಯನ್ನು ಒಳಗೊಂಡ ವೈದ್ಯಕೀಯ ತಪಾಸಣೆಯೂ ಇರುತ್ತದೆ. ಅಲ್ಲಿನ ಶಾಲಾ ವರ್ಷ ಮಾರ್ಚ್‌ನಲ್ಲಿ ಆರಂಭವಾಗುವುದರಿಂದ ಹಿಂದಿನ ವರ್ಷದ ಮಧ್ಯಭಾಗದಲ್ಲೇ ಸಿದ್ಧತೆ ತೊಡಗಬೇಕಾಗುತ್ತದೆ.

ಈ ದೀರ್ಘ ಹಾದಿಗೆ ಬೇಸತ್ತವರನ್ನೇ ದಲ್ಲಾಳಿಗಳು ಕಾದು ಕುಳಿತಿರುತ್ತಾರೆ. ‘ಮೊದಲು ಪ್ರವಾಸಿ ವೀಸಾದಲ್ಲಿ ಹೋಗಿ, ಕೆಲಸದ ಪರವಾನಗಿ ಅಲ್ಲಿಯೇ ಮಾಡಿಸೋಣ’ ಎಂಬ ಮಾತು ಕಿವಿಗೆ ಬಿದ್ದ ಕ್ಷಣವೇ ಹಿಂದೆ ಸರಿಯುವುದು ಕ್ಷೇಮ. ಆಗ್ನೇಯ ಏಷ್ಯಾದಲ್ಲಿ ಉದ್ಯೋಗದ ಆಮಿಷಕ್ಕೆ ಬಲಿಯಾಗಿ ಸೈಬರ್ ವಂಚನಾ ಕೇಂದ್ರಗಳಲ್ಲಿ ಸಿಲುಕಿದ್ದ 549 ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಅವರು ಶಿಕ್ಷಕರಾಗಿ ಹೋದವರಲ್ಲದಿರಬಹುದು, ಆದರೆ ಬಲೆ ನೇಯುವ ಬಗೆ ಒಂದೇ. ವಿದೇಶಿ ಉದ್ಯೋಗಕ್ಕೆ ನೇಮಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿರಬೇಕು. ನೋಂದಣಿಯ ವಿವರ ಕೇಂದ್ರದ ‘ಇ-ಮೈಗ್ರೇಟ್’ ತಾಣದಲ್ಲಿ ಲಭ್ಯ. ಹಣ ಕೊಡುವ ಮುನ್ನ ಅದನ್ನು ನೋಡುವುದಕ್ಕೆ ಹತ್ತು ನಿಮಿಷವೂ ಬೇಡ.

ಒಂದು ವರ್ಷದ ನೌಕರಿಯನ್ನು ನೆಚ್ಚಿ ಇರುವ ಕೆಲಸವನ್ನು ಬಿಡುವವರು ಇನ್ನೊಂದನ್ನೂ ಗಮನಿಸಬೇಕು. ಚೀನಾ 2021ರ ಜುಲೈನಲ್ಲಿ ಶಾಲಾ ವಿಷಯಗಳ ಲಾಭದಾಸೆಯ ಖಾಸಗಿ ಪಾಠಗಳಿಗೆ ಕಡಿವಾಣ ಹಾಕಿದಾಗ ಬೃಹತ್ ಉದ್ಯಮವೊಂದು ತಿಂಗಳುಗಳಲ್ಲಿ ಕುಸಿಯಿತು. ಕೊರಿಯಾದಲ್ಲಿ 2023ರಲ್ಲಿ ಫಲವತ್ತತೆಯ ದರ 0.72ಕ್ಕೆ ಇಳಿದಿತ್ತು, ಮಕ್ಕಳೇ ಕಡಿಮೆಯಾದರೆ ತರಗತಿಗಳೂ ಕಡಿಮೆಯಾಗುತ್ತವೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಇಲ್ಲಿ ಸುಳ್ಳಾಗದು.

ಒಪ್ಪಂದದ ಪರಿಷ್ಕರಣೆಗೆ ಉಭಯ ದೇಶಗಳು 2016ರಲ್ಲೇ ಮಾತುಕತೆ ಆರಂಭಿಸಿವೆ. ಉಕ್ಕು, ಕಾರುಗಳ ಸುಂಕದ ಚರ್ಚೆಯ ನಡುವೆ ಶಿಕ್ಷಕರ ಅರ್ಹತೆಯನ್ನು ಪಾಸ್‌ಪೋರ್ಟ್‌ನಿಂದಲ್ಲ, ಪಾಠದಿಂದ ಅಳೆಯಬೇಕೆಂಬ ಬೇಡಿಕೆಯನ್ನೂ ದೆಹಲಿ ಮುಂದಿಡಬೇಕು. ಅಲ್ಲಿಯವರೆಗೆ ಈ ಹಾದಿ ಪ್ರವಾಸಿಗನ ಹಂಬಲವುಳ್ಳವರಿಗಲ್ಲ, ಶಿಕ್ಷಕ ವೃತ್ತಿಯನ್ನು ಒಪ್ಪಿಕೊಂಡವರಿಗೆ ಮಾತ್ರ. ಅಂಥವರು ಗಳಿಸಿದ ಬಿ.ಇಡಿ. ಪದವಿ ಕೊರಿಯಾದ ಬಾಗಿಲು ಮುಚ್ಚಿದರೂ ಇಲ್ಲಿ ವ್ಯರ್ಥವಾಗದು.