ಮೂರು ತೋಳಿನ ಯಂತ್ರ: ಇಲ್ಲೇ ಯಾಕಾಗಬಾರದು?

ಚಾಕೊಲೇಟು ಎತ್ತಿ ಡಬ್ಬಿಗೆ ತುಂಬೋ ಕೆಲಸಕ್ಕಾಗಿ ಸ್ವಿಟ್ಜರ್ಲೆಂಡಿನ ರೇಮಂಡ್ ಕ್ಲಾವೆಲ್ 1980ರ ದಶಕದಲ್ಲಿ ಡೆಲ್ಟಾ ರೋಬೋ ರೂಪಿಸಿದರು. ಗುಟ್ಟು ಇಷ್ಟೇ: ಭಾರದ ಮೂರು ಮೋಟಾರು ಮೇಲೆ ಚೌಕಟ್ಟಿನಲ್ಲೇ ಕೂತಿರುತ್ತವೆ, ಓಡಾಡೋದು ಹಗುರ ತೋಳುಗಳು ಮಾತ್ರ. ಅದಕ್ಕೇ ಆ ವೇಗ!

ಮೂಲ ಪೇಟೆಂಟಿನ ಅವಧಿ ಮುಗಿದು ವರ್ಷಗಳಾದವು. ಮೂರು ಸ್ಟೆಪ್ಪರ್ ಮೋಟಾರು, ಒಂದು ಆರ್ಡುಯಿನೋ ಬೋರ್ಡು, ಹಗುರ ಕೊಳವೆ ಸಿಕ್ಕರೆ ಹುಡುಗರು ಮನೆಯಲ್ಲೇ ಕಟ್ಟಬಹುದು. ಆದರೆ ಕೀಲು ಸಡಿಲವಾದರೆ ಗುರಿ ತಪ್ಪುತ್ತೆ. ಕರಾರುವಾಕ್ಕಾಗಿ ಕೊರೆಯೋಕೆ ಲೇತು, ಡ್ರಿಲ್ಲು ಬೇಕು. ಐಟಿಐ ವರ್ಕ್‌ಶಾಪನ್ನು ಸಂಜೆ ಎರಡು ತಾಸು ತೆರೆದಿಟ್ಟರೆ ಸರ್ಕಾರಕ್ಕೇನು ನಷ್ಟ?

ಪ್ಯಾಕಿಂಗ್ ಕೂಲಿಗೆ ಕುತ್ತು ಅನ್ನೋ ಭಯ ಸುಳ್ಳಲ್ಲ. ಆದರೆ ಯಂತ್ರ ಹೊರಗಿನಿಂದ ಬಂದರೆ ಕೂಲಿಯೂ ಹೋಗುತ್ತೆ, ರಿಪೇರಿ ದುಡ್ಡೂ ಊರು ಬಿಡುತ್ತೆ. ಇಲ್ಲೇ ಕಟ್ಟಿದರೆ ರಿಪೇರಿ ಕೆಲಸವಾದರೂ ಉಳಿಯುತ್ತೆ. ಸಂಬಂಧಪಟ್ಟವರು ಬೀಗ ತೆಗೆಸಲಿ!