ಹಣೆಬರಹವಲ್ಲ, ಸೌಟಿನ ಬರಹ



ಈಚೆಗೆ ನನ್ನ ಹಳೆಯ ಸಹೋದ್ಯೋಗಿಯೊಬ್ಬರ ನುಡಿನಮನಕ್ಕೆ ಹೋಗಿದ್ದೆ. ವಯಸ್ಸು 61. ಹದಿನೈದು ವರ್ಷಗಳಿಂದ ರಕ್ತದೊತ್ತಡ, ಸಕ್ಕರೆ ಕಾಯಿಲೆ. ಮಾತ್ರೆ ನೆನಪಾದಾಗ ಮಾತ್ರ, ಸಿಗರೇಟು ಮಾತ್ರ ತಪ್ಪದೆ. ಮಾತಾಡಿದವರೆಲ್ಲ ಹೇಳಿದ್ದು ಒಂದೇ: "ಅವರ ಆಯುಷ್ಯ ಅಷ್ಟೇ ಇತ್ತು."

ನಾನು ಸರ್ಕಾರಿ ಎಂಜಿನಿಯರ್ ಆಗಿದ್ದವನು. ನಿರ್ವಹಣೆಯಿಲ್ಲದೆ ಕುಸಿದ ಸೇತುವೆಗೆ "ಅದರ ಹಣೆಬರಹ" ಎಂದು ವರದಿ ಬರೆದಿದ್ದರೆ ಅಂದೇ ಅಮಾನತಾಗುತ್ತಿದ್ದೆ. ಸೇತುವೆಗೆ ಒಪ್ಪದ ಮಾತನ್ನು ದೇಹಕ್ಕೆ ಹೇಗೆ ಒಪ್ಪುತ್ತೇವೆ? ಪಂಚಾಂಗ, ಮುಹೂರ್ತಗಳನ್ನು ಶರಣರು ಹನ್ನೆರಡನೆಯ ಶತಮಾನದಲ್ಲೇ ತಳ್ಳಿಹಾಕಿದರು. ನಾವು ಸಾವಿನ ಮನೆಯಲ್ಲಿ ಹಣೆಬರಹವನ್ನು ಮತ್ತೆ ಒಳಗೆ ಕರೆಯುತ್ತೇವೆ.

ಅಪಘಾತ, ವಂಶದಿಂದ ಬಂದ ರೋಗ ನಮ್ಮ ಕೈಯಲ್ಲಿಲ್ಲ, ನಿಜ. ಆದರೆ ಬಹಳಷ್ಟು ನಮ್ಮ ಕೈಯಲ್ಲಿದೆ. ಫಿನ್‌ಲೆಂಡಿನ ಉತ್ತರ ಕರೇಲಿಯಾ ಇದಕ್ಕೆ ಸಾಕ್ಷಿ. ಹೈನುಗಾರಿಕೆಯ ಆ ಸೀಮೆಯಲ್ಲಿ ಬೆಣ್ಣೆ, ಉಪ್ಪು, ಸಿಗರೇಟು ಮೂರೂ ವಿಪರೀತ. ಗಂಡಸರು ನಡುವಯಸ್ಸಿನಲ್ಲೇ ಹೃದಯಾಘಾತದಿಂದ ಸಾಯುತ್ತಿದ್ದರು. ಜನರೇ ಸರ್ಕಾರಕ್ಕೆ ಮೊರೆಯಿಟ್ಟರು. 1972ರಲ್ಲಿ ಪೆಕ್ಕಾ ಪುಸ್ಕಾ ಎಂಬ ಯುವ ವೈದ್ಯರ ಮುಂದಾಳತ್ವದಲ್ಲಿ ಕೆಲಸ ಶುರುವಾಯಿತು. ಗೃಹಿಣಿಯರ ಸಂಘಗಳು ಊರೂರಲ್ಲಿ ಅಡುಗೆಯನ್ನೇ ಬದಲಿಸಿದವು. ಮೂರೂವರೆ ದಶಕಗಳಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದ್ರೋಗದ ಸಾವು ಶೇ. 80ಕ್ಕಿಂತ ಹೆಚ್ಚು ಇಳಿಯಿತು. ಹೊಸ ಔಷಧಿಗಳೂ ನೆರವಾದವು. ಆದರೆ ದೊಡ್ಡ ಪಾಲು ಊಟದ ತಟ್ಟೆಯದು, ಬಿಟ್ಟ ಸಿಗರೇಟಿನದು.

"ನಾವು ಸಸ್ಯಾಹಾರಿಗಳು, ನಮಗೇನು?" ಎನ್ನುವವರಿದ್ದಾರೆ. ಬೆಣ್ಣೆಯೂ ಉಪ್ಪೂ ಸಕ್ಕರೆಯೂ ಸಸ್ಯಾಹಾರವೇ! ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಚಹಾ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಸೇರಿದರೆ ನಮ್ಮ ಒಂದೇ ಹಬ್ಬದೂಟ ಅದನ್ನು ಮುಟ್ಟೀತು. ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ. ಇದೂ 10.1 ಕೋಟಿ ಹಣೆಬರಹವೇ?

ಈಗ ಕಹಿ ಮಾತು. ಪ್ರಸಾದವನ್ನು ಬಿಡಬಾರದು, ಚೆಲ್ಲಬಾರದು ಎಂದು ನಮ್ಮ ಮಠಗಳು ಕಲಿಸಿವೆ. ಒಳ್ಳೆಯ ಪಾಠ. ಆದರೆ ಅದರ ಅರ್ಥ, ಭಕ್ತ ಎಷ್ಟು ಉಣ್ಣಬೇಕೆಂದು ತೀರ್ಮಾನಿಸುವವನು ಸೌಟು ಹಿಡಿದವನು. ಅವನು ಕೇಳದೆ ಎರಡನೇ ಹೋಳಿಗೆ ಹಾಕಿದರೆ ಸಕ್ಕರೆ ಕಾಯಿಲೆಯವನು ಭಕ್ತಿಗಾಗಿ ತಿನ್ನುತ್ತಾನೆ. ಇದು ದಾಸೋಹವಲ್ಲ, ಬಲವಂತ.

ಆದ್ದರಿಂದ ಪೂಜ್ಯರಲ್ಲಿ, ದಾಸೋಹ ಸಮಿತಿಗಳಲ್ಲಿ ನನ್ನ ಬೇಡಿಕೆ: ಅಡುಗೆಗೆ ಉಪ್ಪು ತೂಗಿ ಹಾಕಿ, ತಿಂಗಳಿಗಿಷ್ಟು ಇಳಿಸಿ. ವನಸ್ಪತಿ ನಿಲ್ಲಿಸಿ. ಸಿಹಿ ಕೇಳಿದವರಿಗಷ್ಟೇ ಬಡಿಸಿ. ಜೋಳದ ರೊಟ್ಟಿ, ಕಾಳು, ಸೊಪ್ಪು ಮೊದಲು ಬರಲಿ. ಅಂಗಳದಲ್ಲಿ ತಂಬಾಕು ಬೇಡ. ಅಮಾವಾಸ್ಯೆಗೆ ಬರುವ ಭಕ್ತರ ರಕ್ತದೊತ್ತಡ ಅಳೆಯಿರಿ.

"ಈ ವಯಸ್ಸಿನಲ್ಲಿ ಬಿಟ್ಟು ಏನು ಫಲ?" ಎನ್ನುವ ನನ್ನ ಓರಗೆಯವರಿಗೊಂದು ಲೆಕ್ಕ. 1951ರಿಂದ ಅರ್ಧ ಶತಮಾನ ಬ್ರಿಟನ್ನಿನ ವೈದ್ಯರನ್ನೇ ಗಮನಿಸಿದ ರಿಚರ್ಡ್ ಡಾಲ್ ಮತ್ತು ಸಂಗಡಿಗರು ಕಂಡದ್ದು: ಸಿಗರೇಟು ಬಿಡದವರು ಸುಮಾರು 10 ವರ್ಷ ಬೇಗ ಸತ್ತರು, 60ಕ್ಕೆ ಬಿಟ್ಟವರೂ ಸುಮಾರು 3 ವರ್ಷ ಉಳಿಸಿಕೊಂಡರು.

ಮೂರು ವರ್ಷ ಎಂದರೆ ಮೊಮ್ಮಗಳ ಕೈ ಹಿಡಿದು ಶಾಲೆಗೆ ಬಿಡುವ ಮೂರು ವರ್ಷ. ಕಾಯಕ ಮಾಡಬಲ್ಲ ಮೂರು ವರ್ಷ. ಇಷ್ಟಲಿಂಗ ಹಿಡಿಯುವ ಕೈ ನಡುಗದಂತೆ ನೋಡಿಕೊಳ್ಳುವುದೂ ನಿಷ್ಠೆಯೇ.