ಹಣ್ಣಿಗೊಂದು ಲೆಕ್ಕ, ಬೇರಿಗೊಂದು ಲೆಕ್ಕ

ಕಾಡು, ಗೋಮಾಳ, ತೋಪುಗಳಿಂದ ಹಣ್ಣು, ಕಾಯಿ, ಬೇರು ತಂದು ಮಾರುವ ಮನೆಗಳಿಗೆ ಒಂದೆರಡು ಲಕ್ಷ ರೂಪಾಯಿ ನೆರವು ಸಿಕ್ಕಿತೆನ್ನಿ. ಅದರಿಂದ ಗಿಡ ಉಳಿಯುತ್ತದೆಯೋ, ಇನ್ನೂ ಬೇಗ ಮುಗಿಯುತ್ತದೆಯೋ? ಕಿರು ಅನುದಾನ ಕೊಡುವವರು ಈ ಪ್ರಶ್ನೆ ಎತ್ತುವುದು ಕಡಿಮೆ. ‘ಸುಸ್ಥಿರ ಕೊಯ್ಲು ಮತ್ತು ಸಂಸ್ಕರಣೆ’ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಇವೆರಡೂ ಜೋಡೆತ್ತಿನ ಹಾಗೆ ಒಂದೇ ಕಡೆಗೆ ಎಳೆಯುತ್ತವೆಂಬ ನಂಬಿಕೆ ಆ ಮಾತಿನ ಹಿಂದಿದೆ. ಆದರೆ ಸಂಸ್ಕರಣೆಗೆ ಯಂತ್ರ ಬಂದಮೇಲೆ ಅದಕ್ಕೆ ದಿನವೂ ಸರಕು ಬೇಕು. ಜೊತೆಗೆ ಸಾಲವೂ ಇದ್ದರೆ ಕಂತು ಕಟ್ಟಲು ಇನ್ನಷ್ಟು ಬೇಕು. ಕೊಯ್ಲು ಸುಸ್ಥಿರವಾಗಬೇಕಾದರೆ ಕೆಲವು ವರ್ಷ ಗಿಡದ ತಂಟೆಗೆ ಹೋಗದೆ ಇರಬೇಕು. ಒಂದು ಅವಸರ ಮಾಡುತ್ತದೆ, ಇನ್ನೊಂದು ತಡೆ ಎನ್ನುತ್ತದೆ.

ಹಣದ ಮೂಲಗಳೇನೂ ಕಡಿಮೆ ಇಲ್ಲ. ಜಾಗತಿಕ ಪರಿಸರ ನಿಧಿಯ ಕಿರು ಅನುದಾನ ಕಾರ್ಯಕ್ರಮ 1992ರಿಂದ ನಡೆಯುತ್ತಿದೆ. ಕೇಂದ್ರ ಸರ್ಕಾರದ ವನಧನ ಯೋಜನೆ 2018ರಲ್ಲಿ ಶುರುವಾಯಿತು. 300 ಜನ ಸಂಗ್ರಾಹಕರ ಒಂದು ಕೇಂದ್ರಕ್ಕೆ 15 ಲಕ್ಷ ರೂಪಾಯಿ, ಅಂದರೆ ತಲೆಗೆ 5,000. ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ 2020ರ ಯೋಜನೆಯಲ್ಲಿ ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷದವರೆಗೆ ಸಹಾಯಧನ ನಿಗದಿಯಾಯಿತು. ಇವೆಲ್ಲದರ ಮೇಲೆ 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ವೆಚ್ಚ ಮಾಡಬೇಕು. ಟೊಯೋಟಾ ಕಿರ್ಲೋಸ್ಕರ್‌ನಂಥ ಕಾರ್ಖಾನೆಗಳಿರುವ ಬಿಡದಿಯಲ್ಲಿ ಈ ಕೊನೆಯ ಮೂಲ ಕೂಗಳತೆಯಲ್ಲಿದೆ. ಕೈಗಾರಿಕಾ ಪ್ರದೇಶದಿಂದ ಸಾವನದುರ್ಗದ ಕಾಡೂ ದೂರವಿಲ್ಲ, ಚನ್ನಪಟ್ಟಣದ ಬೊಂಬೆ ಮಾಡುವ ಕೇರಿಗಳೂ ದೂರವಿಲ್ಲ. ಹಾಗಾಗಿ ಈ ಪ್ರಶ್ನೆಯನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಸೀಮೆ ಬೇಕಿಲ್ಲ.

ನನ್ನ ವಾದ ಇಷ್ಟು: ಅನುದಾನ ಎಷ್ಟು ದೊಡ್ಡದು ಎಂಬುದಕ್ಕಿಂತ, ಗಿಡದ ಯಾವ ಭಾಗವನ್ನು ತೆಗೆಯುತ್ತಾರೆ ಎಂಬುದು ಮುಖ್ಯ. ಹಣ್ಣು ತೆಗೆದರೆ ಗಿಡ ನಿಲ್ಲುತ್ತದೆ. ಬೇರು ಕಿತ್ತರೆ ಗಿಡವೇ ಹೋಗುತ್ತದೆ. ಮರ ಕಡಿದರೆ ಬುಡ ಚಿಗುರುವವರೆಗೆ ಕಾಯಬೇಕು. ಮೂರಕ್ಕೂ ಒಂದೇ ನಮೂನೆಯ ನೆರವು ಕೊಟ್ಟರೆ ಮೊದಲನೆಯದಕ್ಕೆ ಉಪಕಾರ, ಎರಡನೆಯದಕ್ಕೆ ಅಪಕಾರ, ಮೂರನೆಯದಕ್ಕೆ ನಿರರ್ಥಕ.

ಹಣ್ಣಿನಿಂದ ಶುರು ಮಾಡೋಣ. ಹುಣಸೆಯ ತವರು ಆಫ್ರಿಕ ಎಂದು ಸಸ್ಯಶಾಸ್ತ್ರ ಹೇಳಿದರೂ ರಾಮನಗರ ಸೀಮೆಯ ರಸ್ತೆ ಬದಿ, ಹೊಲದ ಬದು, ಗುಂಡುತೋಪುಗಳಲ್ಲಿ ಅದನ್ನು ಪರದೇಶಿ ಎನ್ನುವವರಿಲ್ಲ. ತೋಪಿನ ಫಸಲನ್ನು ವರ್ಷಕ್ಕೊಮ್ಮೆ ಹರಾಜು ಹಾಕುವುದು ರೂಢಿ. ಒಂದೇ ವರ್ಷಕ್ಕೆ ಹಿಡಿದ ಗುತ್ತಿಗೆದಾರನಿಗೆ ಮುಂದಿನ ವರ್ಷದ ಹೂವಿನ ಚಿಂತೆ ಯಾಕೆ? ಅವನ ಆಳುಗಳು ಬಡಿದರೆ ಕಾಯಿಯ ಜೊತೆ ರೆಂಬೆಯೂ ಬೀಳುತ್ತದೆ. ಹಣ್ಣಿನ ಸಿಪ್ಪೆ, ನಾರು, ಬೀಜ ಬಿಡಿಸುವ ಕೆಲಸ ಹೆಂಗಸರದು. ಅವರಿಗೆ ಸಿಗುವುದು ಕೂಲಿ ಮಾತ್ರ.

ಇಲ್ಲಿ ಸಂಸ್ಕರಣೆಗೆ ನೆರವು ಕೊಡುವುದು ಸರಿ, ಆದರೆ ಲೆಕ್ಕ ಹಾಕಿ ಕೊಡಬೇಕು. 2020ರಲ್ಲಿ ಕೇಂದ್ರ ಪರಿಷ್ಕರಿಸಿದ ಬೆಂಬಲ ಬೆಲೆಯಂತೆ ಬೀಜವಿರುವ ಹುಣಸೆಗೆ ಕಿಲೋಗೆ 36 ರೂಪಾಯಿ, ಬೀಜ ತೆಗೆದದ್ದಕ್ಕೆ 63. ನೋಡಿದರೆ ದುಪ್ಪಟ್ಟಿಗೆ ಹತ್ತಿರ. ಆದರೆ ಬೀಜ ತೆಗೆದಾಗ ತೂಕವೂ ಇಳಿಯುತ್ತದೆ. ಕೈಗೆ ಉಳಿಯುವ ಲಾಭ ಅಂದುಕೊಂಡಷ್ಟಿಲ್ಲ. ನಿಜವಾದ ಲಾಭ ಇರುವುದು ಎರಡು ಕಡೆ. ಒಂದು, ಬೀಜವನ್ನೂ ಬೇರೆಯಾಗಿ ಮಾರುವುದು. ಬಟ್ಟೆ ಗಿರಣಿಗಳಲ್ಲಿ ನೂಲಿಗೆ ಗಂಜಿ ಹಾಕಲು ಹುಣಸೆ ಬೀಜದ ಪುಡಿ ಬಳಕೆಯಲ್ಲಿದೆ. ಇನ್ನೊಂದು, ಸುಗ್ಗಿಯಲ್ಲಿ ಮಾರದೆ ಇಟ್ಟುಕೊಳ್ಳುವ ತಾಕತ್ತು. ಹುಣಸೆ ಬೇಸಿಗೆಯ ಬೆಳೆ. ಹಾಗೆಯೇ ಇಟ್ಟರೆ ಕಪ್ಪಾಗುತ್ತದೆ, ಶೀತಲಗೃಹದಲ್ಲಿಟ್ಟರೆ ಬಣ್ಣ ಉಳಿಯುತ್ತದೆ. ಹತ್ತು ಹದಿನೈದು ಹೆಂಗಸರ ಸಂಘಕ್ಕೆ ಶೀತಲಗೃಹದ ಬಾಡಿಗೆ ಮತ್ತು ನಾಲ್ಕೈದು ತಿಂಗಳು ಮನೆ ನಡೆಸುವಷ್ಟು ಮುಂಗಡ ಸಿಕ್ಕರೆ ಮಂಡಿಯವನ ಮುಂದೆ ಅವಸರದಲ್ಲಿ ಕೈಯೊಡ್ಡಬೇಕಿಲ್ಲ. ಇದರ ಜೊತೆಗೆ ತೋಪನ್ನು ವರ್ಷದ ಹರಾಜಿನಿಂದ ಬಿಡಿಸಿ ಐದು ವರ್ಷಕ್ಕೆ ಅದೇ ಸಂಘಕ್ಕೆ ಕೊಟ್ಟರೆ ರೆಂಬೆ ಉಳಿಸುವುದು ಅವರ ಸ್ವಾರ್ಥವೇ ಆಗುತ್ತದೆ. ಯಂತ್ರದ ಮಾತು ಬರುವುದು ಅದಾದ ಮೇಲೆ.

ಈಗ ಬೇರಿಗೆ ಬರೋಣ. ಹಳೇ ಮೈಸೂರಿನ ಮನೆಗಳಲ್ಲಿ ಮಾಗಳಿ ಬೇರಿನ ಉಪ್ಪಿನಕಾಯಿಯ ವಾಸನೆ ಗೊತ್ತಿಲ್ಲದವರು ಅಪರೂಪ. ಇಷ್ಟಪಡುವವರು ಅದಿಲ್ಲದೆ ಮೊಸರನ್ನ ಮುಟ್ಟುವುದಿಲ್ಲ, ಉಳಿದವರು ಮೂಗು ಮುಚ್ಚಿಕೊಳ್ಳುತ್ತಾರೆ. ಆ ವಾಸನೆಗೆ ಕಾರಣವಾದ ಸಂಯುಕ್ತ ವೆನಿಲ್ಲಾದ ಪರಿಮಳದ್ರವ್ಯ ವೆನಿಲಿನ್‌ನ ಹತ್ತಿರದ ಸಂಬಂಧಿ: ಅವೇ ಪರಮಾಣುಗಳು, ಜೋಡಣೆ ಮಾತ್ರ ಬೇರೆ. ಹಾಗಾಗಿ ಉಪ್ಪಿನಕಾಯಿಯವರಷ್ಟೇ ಅಲ್ಲ, ಔಷಧಿ, ಪಾನೀಯ ಮಾಡುವವರಿಗೂ ಬೇರು ಬೇಕು. ಬಳ್ಳಿಯಾದರೋ ದಕ್ಷಿಣ ಭಾರತದ ಒಣ, ಕಲ್ಲು ಕಾಡುಗಳಿಗಷ್ಟೇ ಸೀಮಿತ. ಬೀಜದಿಂದ ಸುಲಭವಾಗಿ ಎಬ್ಬಿಸಲೂ ಆಗದು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಅಂಗಾಂಶ ಕೃಷಿಯ ದಾರಿ ಹುಡುಕಿದ್ದು ಸುಮ್ಮನಲ್ಲ. ಈಗ ಮಾಗಳಿ ಅಳಿವಿನ ಅಪಾಯದಲ್ಲಿರುವ ಸಸ್ಯಗಳ ಪಟ್ಟಿಯಲ್ಲಿದೆ.

ರಾಮನಗರ, ಮಾಗಡಿ, ಕನಕಪುರದ ಕಾಡಂಚಿನ ದೊಡ್ಡಿಗಳಲ್ಲಿರುವ ಇರುಳಿಗರು ಬೇರು, ಗೆಡ್ಡೆ, ಜೇನು ತರುವುದರಲ್ಲಿ ಪಳಗಿದವರು. ಅಂಥ ಒಂದು ಸಂಘಕ್ಕೆ ಬೇರು ತೊಳೆಯುವ, ಹೆಚ್ಚುವ, ಬಾಟಲಿಗೆ ತುಂಬುವ ಘಟಕ ಹಾಕಿಕೊಟ್ಟರೆ ಏನಾಗುತ್ತದೆ? ಮೊದಲ ವರ್ಷ ವರದಿಯಲ್ಲಿ ಒಳ್ಳೆಯ ಫೋಟೋಗಳು ಬರುತ್ತವೆ. ಎರಡನೆಯ ವರ್ಷ ಬೇರಿಗಾಗಿ ಇನ್ನೂ ದೂರ ನಡೆಯಬೇಕು. ಮೂರನೆಯ ವರ್ಷ ಘಟಕಕ್ಕೆ ಸರಕಿಲ್ಲ, ಗುಡ್ಡದಲ್ಲಿ ಬಳ್ಳಿಯೂ ಇಲ್ಲ. ಇಲ್ಲಿ ಅನುದಾನದ ಕ್ರಮ ತಿರುಗಬೇಕು: ಮೊದಲು ಸಸಿ, ಆಮೇಲೆ ಬಾಟಲಿ. ಗೆಡ್ಡೆಗಳ ಗೊಂಚಲಿನಲ್ಲಿ ಕೆಲವನ್ನಷ್ಟೇ ತೆಗೆದು ಬುಡ ಮುಚ್ಚುವ ಪದ್ಧತಿ, ಹಿತ್ತಿಲಲ್ಲಿ, ಬದುವಿನಲ್ಲಿ ಬಳ್ಳಿ ಹಬ್ಬಿಸುವುದು, ಎಲ್ಲಿ ಎಷ್ಟು ಉಳಿದಿದೆ ಎಂದು ವರ್ಷವರ್ಷವೂ ಎಣಿಸುವುದು: ಹಣ ಹೋಗಬೇಕಾದದ್ದು ಇಂಥವಕ್ಕೆ. ಎಣಿಸುವ ಕೆಲಸ ಹೊಸದೇನಲ್ಲ. 1990ರ ದಶಕದಲ್ಲಿ ಅರಣ್ಯ ಇಲಾಖೆ ಮತ್ತು ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಡೆನ್ಮಾರ್ಕ್ ನೆರವಿನಿಂದ ಗುರುತಿಸಿದ ಔಷಧಿ ಸಸ್ಯ ಸಂರಕ್ಷಣಾ ಪ್ರದೇಶಗಳಲ್ಲಿ ಸಾವನದುರ್ಗವೂ ಒಂದು. ಬೇರು ಬಲ್ಲವರಿಗೇ ಎಣಿಕೆಯ ಕೂಲಿ ಕೊಡುವುದು ಅದರ ಮುಂದಿನ ಹೆಜ್ಜೆ.

ಮೂರನೆಯದು ಮರ. ಚನ್ನಪಟ್ಟಣದ ಬೊಂಬೆಯ ಜೀವ ಆಲೆ ಮರದಲ್ಲಿದೆ: ಬಿಳುಪಾದ, ಮೆತ್ತನೆಯ, ಲೇತಿಗೆ ಒಗ್ಗುವ, ಅರಗು ಹಿಡಿಯುವ ಮರ. ಈ ಕಸುಬಿಗೆ ನೆರವು ಸಿಕ್ಕಿಲ್ಲವೆಂದು ಯಾರೂ ಹೇಳಲಾರರು. ಡಚ್ ಸರ್ಕಾರದ ಸಹಾಯ ಬಂತು, ರಾಜ್ಯದ ‘ವಿಶ್ವ’ ಯೋಜನೆಯ ಹಣ ಬಂತು, 32 ಲೇತುಗಳ ಕರಕುಶಲ ಸಂಕೀರ್ಣ ಎದ್ದಿತು, ಭೌಗೋಳಿಕ ಸೂಚಿಯ ಮುದ್ರೆಯೂ ಬಿತ್ತು. ಆದರೂ ಕುಶಲಕರ್ಮಿಗಳು ಆಲೆ ಸಾಲದೆ ರಬ್ಬರ್ ಮರ, ಸಿಲ್ವರ್ ಓಕ್‌ನಂಥವನ್ನೂ ಕಡೆಯುತ್ತಿದ್ದಾರೆ. ಮಗ್ಗುಲಲ್ಲೇ ಬೆಳೆಯುವ, ಕಡಿದ ಬುಡದಿಂದ ಮತ್ತೆ ಚಿಗುರುವ ಮರ ಸಾಲದೆ ಬರುವುದೆಂದರೆ ಕಾರಣ ಮಣ್ಣಿನಲ್ಲಿಲ್ಲ, ನೆರವಿನ ದೃಷ್ಟಿಯಲ್ಲಿದೆ. ನೆರವು ಕಾರ್ಖಾನೆಯನ್ನು ನೋಡಿತು, ತೋಪನ್ನು ನೋಡಲಿಲ್ಲ. ಲೇತನ್ನು ಒಂದು ದಿನದಲ್ಲಿ ಉದ್ಘಾಟಿಸಬಹುದು. ಆಲೆಯ ಸಸಿ ಕಡೆಯುವಷ್ಟು ದಪ್ಪವಾಗುವ ಹೊತ್ತಿಗೆ ಉದ್ಘಾಟಿಸಿದ ಅಧಿಕಾರಿ ಬೇರೆ ಊರಿಗೆ ವರ್ಗವಾಗಿರುತ್ತಾರೆ.

ಇದು ಬರೀ ವ್ಯಂಗ್ಯದ ಮಾತಲ್ಲ, ನಿಯಮದ ಮಾತು. ಕಂಪನಿಗಳ ಸಾಮಾಜಿಕ ಹೊಣೆಯ ನಿಯಮದಲ್ಲಿ ‘ಮುಂದುವರಿಯುವ ಯೋಜನೆ’ ಎಂದರೂ ಆರಂಭದ ವರ್ಷ ಬಿಟ್ಟು ಮೂರು ವರ್ಷಕ್ಕಿಂತ ಹೆಚ್ಚಿಲ್ಲ. ಸರ್ಕಾರದ ಅನುದಾನಕ್ಕೂ ಆರ್ಥಿಕ ವರ್ಷದ ಲೆಕ್ಕದಲ್ಲೇ ಬಳಕೆ ಪ್ರಮಾಣಪತ್ರ ಕೊಡಬೇಕು. ಗಿಡಕ್ಕೆ ಆರ್ಥಿಕ ವರ್ಷ ಗೊತ್ತಿಲ್ಲ. ಆದ್ದರಿಂದಲೇ ಸಣ್ಣ ಮೊತ್ತ ದೊಡ್ಡದಕ್ಕಿಂತ ಮೇಲು: ವರ್ಷಕ್ಕೆ ಐವತ್ತು ಸಾವಿರದಂತೆ ಹತ್ತು ವರ್ಷ ಕೊಡುವುದು ಒಮ್ಮೆಗೇ ಐದು ಲಕ್ಷ ಸುರಿಯುವುದಕ್ಕಿಂತ ಆಲೆಗೆ ಒಗ್ಗುತ್ತದೆ. ಒಂದು ಕಂಪನಿಗೆ ನಾಲ್ಕು ವರ್ಷದ ಮಿತಿಯಿದ್ದರೆ ಎರಡು ಮೂರು ಕಂಪನಿಗಳು ಸರದಿಯಲ್ಲಿ ಒಂದೇ ತೋಪನ್ನು ವಹಿಸಿಕೊಳ್ಳಲು ಯಾವ ನಿಯಮವೂ ಅಡ್ಡಬರುವುದಿಲ್ಲ. ಅಡ್ಡಬರುವುದು ತಮ್ಮ ಹೆಸರಿನ ಬೋರ್ಡಿನ ಆಸೆ.

ಹಣ್ಣು ತೆಗೆದರೆ ಗಿಡ ನಿಲ್ಲುತ್ತದೆ ಎಂದೆ. ಬಿಳಿಗಿರಿರಂಗನ ಬೆಟ್ಟದ ನೆಲ್ಲಿಕಾಯಿ ಈ ಮಾತಿಗೆ ತಿದ್ದುಪಡಿ ಬೇಡುತ್ತದೆ. 1990ರ ದಶಕದಲ್ಲಿ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಮತ್ತು ಸಂಶೋಧಕರು ಹೊರಗಿನ ಅನುದಾನದಿಂದ ಸೋಲಿಗರ ಜೇನು, ನೆಲ್ಲಿಯ ಸಂಸ್ಕರಣೆ ಆರಂಭಿಸಿದರು. ಸೋಲಿಗರೇ ಸೇರಿ ಫಸಲಿನ ಅಂದಾಜು ಮಾಡುವ ಪದ್ಧತಿಯನ್ನೂ ಕಟ್ಟಿದರು. ವರ್ಷಗಳ ಅಧ್ಯಯನದಲ್ಲಿ ಕಂಡದ್ದೇನೆಂದರೆ, ನೆಲ್ಲಿಯನ್ನು ಕುಗ್ಗಿಸುತ್ತಿದ್ದದ್ದು ಕಾಯಿ ಕೀಳುವುದೊಂದೇ ಅಲ್ಲ. ಮರವನ್ನು ಹೀರುವ ಬದನಿಕೆ, ನೆಲವನ್ನು ಮುಚ್ಚುವ ಲಂಟಾನವೂ ಕಾರಣ. ಹಿಂದೆ ತಾವು ಹಾಕುತ್ತಿದ್ದ ತರಗು ಬೆಂಕಿ ನಿಂತದ್ದರಿಂದಲೇ ಇವು ಹೆಚ್ಚಿದವೆಂಬುದು ಸೋಲಿಗರ ವಾದ. ಇಷ್ಟೆಲ್ಲ ತಿಳಿವಳಿಕೆ ಕೂಡಿಬರುತ್ತಿದ್ದಾಗ, ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯ ಬೆನ್ನಿಗೆ ಅಭಯಾರಣ್ಯದಿಂದ ಮಾರಾಟಕ್ಕೆ ಕಿರು ಉತ್ಪನ್ನ ತರುವುದೇ ನಿಂತಿತು. ಘಟಕವಿತ್ತು, ಕೌಶಲವಿತ್ತು, ಹಕ್ಕಿರಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿದ್ದು 2011ರಲ್ಲಿ.

ನಮ್ಮ ಸೀಮೆಗೆ ಇದರ ಪಾಠ ನೇರವಾಗಿದೆ. ಅರಣ್ಯ ಹಕ್ಕು ಕಾಯ್ದೆ ಬೇರು, ಗೆಡ್ಡೆ, ಜೇನು, ಅರಗು ಎಲ್ಲವನ್ನೂ ಕಿರು ಅರಣ್ಯ ಉತ್ಪನ್ನವೆಂದು ಗುರುತಿಸಿದೆ. ಪರಂಪರೆಯಿಂದ ತರುತ್ತಿದ್ದವರಿಗೆ ಅದರ ಮೇಲೆ ಒಡೆತನ ಕೊಡುತ್ತದೆ. ಹಕ್ಕುಪತ್ರ ಇಲ್ಲದ ಇರುಳಿಗನಿಗೆ ಬಳ್ಳಿ ಉಳಿಸು ಎಂದರೆ, ನಾನು ಬಿಟ್ಟರೆ ಇನ್ನೊಬ್ಬ ಕೀಳುತ್ತಾನೆ ಎಂಬ ಅವನ ಉತ್ತರದಲ್ಲಿ ತಪ್ಪೇನಿದೆ? ಬಯಲಿನ ರೈತನದ್ದೂ ಇದೇ ಕಥೆ. ಬಿಡದಿ ಬಳಿಯ ಬೈರಮಂಗಲ, ಕಂಚುಗಾರನಹಳ್ಳಿ ಸುತ್ತ ಟೌನ್‌ಶಿಪ್‌ಗೆ ಜಮೀನು ಹೋಗುವ ಮಾತು ಬಂದಾಗ, ನಾಳೆ ಯಾರದೋ ಗೊತ್ತಿಲ್ಲದ ಬದುವಿನಲ್ಲಿ ಹತ್ತು ವರ್ಷದ ಆಲೆ ನೆಡು ಎಂದು ಯಾವ ಬಾಯಿಂದ ಹೇಳುವುದು? ಇದನ್ನು ಸರಿಪಡಿಸುವ ಶಕ್ತಿ ಕಿರು ಅನುದಾನಕ್ಕಿಲ್ಲ. ಆದರೆ ಹಕ್ಕಿನ ಅರ್ಜಿ ಬರೆಸುವ, ನಕ್ಷೆ ಮಾಡಿಸುವ, ಗ್ರಾಮಸಭೆ ಕೂಡಿಸುವ ಖರ್ಚು ಸಣ್ಣದು. ಅದನ್ನು ಅನುದಾನ ಹೊರಬಹುದು, ಮೊದಲು ಹೊರಬೇಕಾದದ್ದೂ ಅದೇ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಹಸಿದವರಿಗೆ ಕಾಯಿರಿ ಎನ್ನುವುದು ಹೊಟ್ಟೆ ತುಂಬಿದವರ ಉಪದೇಶ; ಇವತ್ತಿನ ಆದಾಯ ಹೆಚ್ಚದಿದ್ದರೆ ನಾಳಿನ ಬಳ್ಳಿಯನ್ನು ಯಾರೂ ಕಾಯುವುದಿಲ್ಲ. ಮಾತು ನಿಜ. ಅದರಿಂದ ಹೊರಡುವ ತೀರ್ಮಾನ ಮಾತ್ರ ಬೇರೆ: ಕಾಯುವುದಕ್ಕೇ ಕೂಲಿ ಕೊಡಬೇಕು. ಮೂರು ವರ್ಷ ಒಂದು ಗುಡ್ಡದ ಮಾಗಳಿ ಮುಟ್ಟಬಾರದೆಂದು ಗ್ರಾಮಸಭೆ ತೀರ್ಮಾನಿಸಿದರೆ, ಆ ಬೇರಿನಿಂದ ಬರುತ್ತಿದ್ದ ಹಣವನ್ನು ಅನುದಾನ ತುಂಬಿಕೊಡಲಿ. ಬದಲಿಗೆ ಅವರು ಸಸಿ ನೋಡಿಕೊಳ್ಳಲಿ, ಎಣಿಕೆ ಮಾಡಲಿ. ಕೆಲಸ ಮಾಡದವರಿಗೆ ದುಡ್ಡೇ ಎಂದು ಹುಬ್ಬೇರಿಸುವವರು, ಸರಕಿಲ್ಲದೆ ಬೀಗ ಬಿದ್ದ ಘಟಕಕ್ಕೆ ಹಾಕಿದ ದುಡ್ಡು ಯಾರ ಕೆಲಸಕ್ಕೆ ಹೋಯಿತೆಂದೂ ಲೆಕ್ಕ ಕೇಳಬೇಕು.

ವ್ಯವಸ್ಥೆ ಹೊಸದಾಗಿ ಕಟ್ಟಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಸಸ್ಯಸಂಪತ್ತಿನ ದಾಖಲೆ ಬರೆದಿಡಬೇಕು, ಸ್ಥಳೀಯ ನಿಧಿಯನ್ನೂ ನಡೆಸಬಹುದು. ಬಿಡದಿಯ ಕಾರ್ಖಾನೆಗಳ ಹಣ, ವನಧನದ ಹಣ, ಹೊರಗಿನ ಅನುದಾನ ಯಾವುದೇ ಬರಲಿ, ಆ ದಾಖಲೆಯನ್ನು ಆಧಾರ ಮಾಡಿಕೊಂಡು ಬರಲಿ. ಹಣ್ಣಾದರೆ ದಾಸ್ತಾನಿಗೂ ಮುಂಗಡಕ್ಕೂ ಕೊಡಿ. ಬೇರಾದರೆ ಸಸಿಗೂ ಎಣಿಕೆಗೂ ಕೊಟ್ಟು, ಮೂರನೆಯ ವರ್ಷದ ಎಣಿಕೆ ಮೊದಲಿಗಿಂತ ಕಡಿಮೆಯಿಲ್ಲವೆಂದು ಕಂಡಮೇಲೆ ಘಟಕದ ಮಾತಾಡಿ. ಮರವಾದರೆ ಕಡೆಯುವವನನ್ನೂ ಬೆಳೆಯುವವನನ್ನೂ ಒಂದೇ ಕರಾರಿನಲ್ಲಿ ಕೂಡಿಸಿ, ಹಣವನ್ನು ಹತ್ತು ವರ್ಷಕ್ಕೆ ಹಂಚಿ. ಈ ಕ್ರಮದಲ್ಲಿ ಮೊದಲೆರಡು ವರ್ಷ ತೋರಿಸಲು ಹೆಚ್ಚೇನೂ ಇರುವುದಿಲ್ಲ, ಉದ್ಘಾಟನೆಗೆ ಕತ್ತರಿಸುವ ಟೇಪೂ ಇರುವುದಿಲ್ಲ. ಅಷ್ಟನ್ನು ಒಪ್ಪಿಕೊಳ್ಳಲಾರದ ದಾನಿ ತನ್ನ ಹಣವನ್ನು ಬೇರೆ ಒಳ್ಳೆಯ ಕೆಲಸಕ್ಕೆ ಕೊಡುವುದೇ ಗಿಡಗಳಿಗೆ ಅವನು ಮಾಡಬಹುದಾದ ಉಪಕಾರ.